ಭಿತ್ತಿಗೂ ಮೈಗೂ ಒಂದೇ ತೋಟ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ, ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ಅವು ವಿಂಗಡಣೆಗೊಂಡಿವೆ. ಮೂರನೆಯ ವಿಂಶತಿ ಅರಸನ ಉಪಭೋಗಗಳಿಗೆ ಮೀಸಲು. ಅದರ ಮೊದಲ ಅಧ್ಯಾಯ ಮನೆಯನ್ನು ಕುರಿತದ್ದು. ಗೋಡೆಯನ್ನು ಹದಗೊಳಿಸಿ ಅದರ ಮೇಲೆ ಚಿತ್ರ ಬರೆಯುವ ವಿಧಾನ ಅಲ್ಲಿಯೇ ಬರುತ್ತದೆ. ಅದನ್ನು ಅನುಸರಿಸಿ ಬರುವ ಅಧ್ಯಾಯ ಸ್ನಾನದ್ದು. ಮುಂದೆ ಮೈಗೆ ಹಚ್ಚುವ ಲೇಪನಗಳದ್ದು, ಮುಡಿಯುವ ಮಾಲೆಗಳದ್ದು. ಚಿತ್ರಕಾರನ ಬಣ್ಣದ ಬಟ್ಟಲಿಗೂ ಸ್ನಾನಗೃಹದ ಎಣ್ಣೆಯ ಬಟ್ಟಲಿಗೂ ನಡುವೆ ಕೆಲವು ಪುಟಗಳ ದೂರವಷ್ಟೇ ಇದೆ.

ಈ ನೆರೆಹೊರೆ ಬರಿಯ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ವಾತ್ಸ್ಯಾಯನನು ಎಣಿಸುವ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಚಿತ್ರ ಬರೆಯುವ ಆಲೇಖ್ಯವಿದೆ, ಹಲ್ಲು, ಬಟ್ಟೆ, ಮೈಗಳಿಗೆ ಬಣ್ಣ ಕೊಡುವ ವಿದ್ಯೆಯಿದೆ, ಪರಿಮಳ ಕೂಡಿಸುವ ಗಂಧಯುಕ್ತಿಯಿದೆ, ಗಿಡಮರಗಳ ಆರೈಕೆಯಾದ ವೃಕ್ಷಾಯುರ್ವೇದವೂ ಇದೆ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿಯೂ ತೋಟ ಮತ್ತು ಗಂಧ ಎರಡಕ್ಕೂ ಬೇರೆಬೇರೆ ಅಧ್ಯಾಯಗಳುಂಟು. ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆಯ್ದು ಕೂಡಿಸಿದರೆ 1820 ಬಗೆಯ ಮಿಶ್ರಣಗಳಾಗುತ್ತವೆ ಎಂಬ ಲೆಕ್ಕವೂ ಅಲ್ಲಿ ಸಿಗುತ್ತದೆ. ಸುಗಂಧ ಕೂಡಿಸುವ ಕೈಗೆ ಗಣಿತದ ನೆರವೂ ಇದ್ದಿತು.

ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ಸಾಕ್ಷಿಯೆಂದರೆ ‘ಲೋಕೋಪಕಾರಂ’. ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ಇದನ್ನು ಕನ್ನಡದಲ್ಲಿಯೇ ಬರೆದನು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಈತನಲ್ಲ. ಹನ್ನೆರಡು ಅಧ್ಯಾಯಗಳ ಈ ಗ್ರಂಥದಲ್ಲಿ ಮನೆ ಕಟ್ಟುವುದು, ಅಂತರ್ಜಲ ಹುಡುಕುವುದು, ಗಿಡ ಬೆಳೆಸುವುದು, ಪರಿಮಳದ್ರವ್ಯ ಮಾಡುವುದು, ಅಡುಗೆ, ಮನುಷ್ಯರ ಮತ್ತು ದನಕರುಗಳ ವೈದ್ಯ ಎಲ್ಲವೂ ಒಂದೆಡೆ ಕೂಡಿವೆ. ಹೆಸರೇ ಹೇಳುವಂತೆ ಲೋಕಕ್ಕೆ ಉಪಕಾರವಾಗಲೆಂದು ಬರೆದ ಪುಸ್ತಕವಿದು. ಸೋಮೇಶ್ವರನ ಗ್ರಂಥದಲ್ಲಿ ಅರಮನೆಯ ಭೋಗವಾಗಿ ಕಾಣುವ ವಿದ್ಯೆ ಅದಕ್ಕಿಂತ ನೂರು ವರ್ಷ ಮೊದಲೇ ಕನ್ನಡದಲ್ಲಿ ಸಂಸಾರದ ತಿಳಿವಳಿಕೆಯಾಗಿ ನಿಂತಿತ್ತು.

ಹಾಗಾದರೆ ತೋಟವು ಭಿತ್ತಿಗೂ ಮೈಗೂ ಏನನ್ನು ಕೊಡುತ್ತಿತ್ತು? ಕೆಂಪನ್ನೇ ನೋಡೋಣ. ಮುತ್ತುಗ, ಎಲಚಿ ಮೊದಲಾದ ಮರಗಳ ಕೊಂಬೆಗಳ ಮೇಲೆ ಅರಗಿನ ಹುಳುಗಳು ಕಟ್ಟುವ ಹಸಿ ಅರಗನ್ನು ನೀರಿನಲ್ಲಿ ತೊಳೆದರೆ ಕೆಂಪು ರಸ ಇಳಿಯುತ್ತದೆ. ಸೋಮೇಶ್ವರನು ಹೇಳುವ ಚಿತ್ರದ ಬಣ್ಣಗಳಲ್ಲಿ ಇದೂ ಒಂದು. ಇದೇ ರಸ ಹೆಣ್ಣುಮಕ್ಕಳ ಅಂಗಾಲಿಗೆ ಅಲತಿಗೆಯಾಗುತ್ತಿತ್ತು. ಬಂಗಾಳದಲ್ಲಿ ಆಲ್ತಾ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ದೀಪದ ಕುಡಿಯಿಂದ ಹಿಡಿದ ಮಸಿ ಕಣ್ಣಿಗೆ ಕಾಡಿಗೆ, ಚಿತ್ರಕ್ಕೆ ಕಪ್ಪು. ಸ್ನಾನದ ಅಧ್ಯಾಯಕ್ಕೆ ಬಂದರೆ ಕೇದಗೆ, ಸುರಹೊನ್ನೆ, ಸಂಪಿಗೆಗಳಿಂದ ವಾಸನೆಗೊಳಿಸಿದ ಎಳ್ಳೆಣ್ಣೆ ಮೈಗೆ. ಅದರ ಜಿಡ್ಡು ಕಳೆಯಲು ನೆಲ್ಲಿ, ಅರಿಸಿನ.

ಈ ಅರಿಸಿನವೇ ಎರಡು ವಿದ್ಯೆಗಳ ನಂಟನ್ನು ಚೆನ್ನಾಗಿ ತೋರಿಸುತ್ತದೆ. ಸುಣ್ಣ ಸೋಂಕಿದೊಡನೆ ಅದು ಕೆಂಪಾಗುವುದು ಆರತಿಯ ನೀರು ಕಲಸಿದ ಯಾವ ಗೃಹಿಣಿಗೂ ಗೊತ್ತು. ಅದೇ ಕಾರಣದಿಂದ ಸುಣ್ಣದ ಗೋಡೆಯ ಮೇಲೆ ಅರಿಸಿನವು ಹಳದಿಯಾಗಿ ಉಳಿಯದು. ಅಲ್ಲಿ ಹಳದಿಗೆ ಹರಿತಾಳದಂಥ ಖನಿಜವೇ ಬೇಕು. ಹರಿತಾಳವೋ ಪಾಷಾಣದ ಅಂಶವುಳ್ಳದ್ದು. ಗೋಡೆಗೆ ಸಲ್ಲುವ ಅದು ಕೆನ್ನೆಗೆ ಸಲ್ಲದು. ಯಾವುದು ಎಲ್ಲಿಗೆ ಸಲ್ಲುತ್ತದೆ, ಎಲ್ಲಿಗೆ ಸಲ್ಲದು ಎಂಬ ವಿವೇಕವೇ ಈ ವಿದ್ಯೆಯ ತಿರುಳು. ಹಳೆಯದೆಲ್ಲ ನಿರಪಾಯ, ಗಿಡದ್ದೆಲ್ಲ ಸೌಮ್ಯ ಎಂಬ ಇಂದಿನ ಮಾತು ಆ ವಿವೇಕಕ್ಕೆ ಸೇರಿದ್ದಲ್ಲ.

ಈ ಒಕ್ಕಲು ಚದುರಿದ್ದು ಹೇಗೆ? 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗನು ಮಲೇರಿಯಾದ ಔಷಧಿಯಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟು, ಕಲ್ಲಿದ್ದಲಿನ ಡಾಂಬರಿನಿಂದ ದೊರೆತ ವಸ್ತುವಿನಲ್ಲಿ ನೇರಳೆ ಬಣ್ಣವನ್ನು ಕಂಡನು. 1868ರಲ್ಲಿ ಮಂಜಿಷ್ಠದ ಬೇರಿನ ಕೆಂಪನ್ನು ಜರ್ಮನಿಯ ರಸಾಯನಜ್ಞರು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದರು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ಬಣ್ಣವು ತೋಟವನ್ನು ಬಿಟ್ಟು ಕಾರ್ಖಾನೆಗೆ ಹೊರಟಿತು. ಪರಿಮಳವೂ ಹಿಂದೆಯೇ ನಡೆಯಿತು. ಮೊದಲನೆಯ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರದ ಸಾಗಣೆ ನಿಂತಾಗ ಮೈಸೂರು ಸಂಸ್ಥಾನವು 1916ರಲ್ಲಿ ತಾನೇ ಗಂಧದೆಣ್ಣೆ ಭಟ್ಟಿ ಇಳಿಸಲು ತೊಡಗಿತು. ಬಳಿಕ ಸಾಬೂನು ಬಂದಿತು. ನಾಡಿಗೆ ಅದು ಹೆಮ್ಮೆಯ ಉದ್ಯಮವೇ ಸರಿ. ಅಗ್ಗದ ಬಣ್ಣ, ಅಗ್ಗದ ಸಾಬೂನು ಬಡವರ ಮನೆಯನ್ನೂ ತಲುಪಿದುದು ಸಣ್ಣ ಉಪಕಾರವಲ್ಲ. ಆದರೆ ತೇಯುವ ಕಲ್ಲು ಮೂಲೆ ಸೇರಿದಂತೆ ಅದರೊಡನೆ ಇನ್ನೊಂದೂ ಮರೆಯಾಯಿತು. ಅದು ಗಿಡದ ಗುರುತು.

ನಮ್ಮ ದೃಷ್ಟಿಯಲ್ಲಿ ನಿಜವಾದ ನಷ್ಟ ಇಲ್ಲಿದೆ. ಗ್ರಂಥ ಉಳಿದರೂ ಅದರೊಳಗಿನ ಹೆಸರಿಗೆ ಗಿಡ ಸಿಗದೆ ಹೋದರೆ ಓದಿ ಫಲವೇನು? ಪ್ರಾಚೀನ ಗಂಧಯುಕ್ತಿಗಳಲ್ಲಿ ಮತ್ತೆ ಮತ್ತೆ ಬರುವ ‘ಪ್ರಿಯಂಗು’ ಯಾವ ಗಿಡವೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ; ಬೇರೆಬೇರೆ ಪ್ರಾಂತಗಳ ಗ್ರಂಥಿಗೆ ಅಂಗಡಿಗಳಲ್ಲಿ ಆ ಹೆಸರಿಗೆ ಬೇರೆಬೇರೆ ವಸ್ತು ಸಿಗುತ್ತದೆ. ‘ಮುಸ್ತ’ವೆಂದರೆ ಕೊನ್ನಾರಿಗಡ್ಡೆ ಎಂದು ತಿಳಿಯದವನು ಸ್ನಾನಚೂರ್ಣದ ಆ ಪರಿಮಳವನ್ನು ಕಳೆಯೆಂದು ಕಿತ್ತು ಎಸೆಯುತ್ತಾನೆ. ಆ ಗುರುತನ್ನು ಕಾಪಾಡಿದವರು ಗ್ರಂಥಕರ್ತರಲ್ಲ. ಹೂ ಬಿಡಿಸಿದ, ಅರೆದ, ಸೋಸಿದ ಕೈಗಳು. ಸೋಮೇಶ್ವರನ ಹೆಸರು ನಮಗೆ ಗೊತ್ತಿದೆ. ಅವನ ಎಣ್ಣೆಗೆ ಸಂಪಿಗೆಯ ವಾಸನೆ ಕಟ್ಟಿದವಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಹೊರನಾಡಿನಲ್ಲಿರುವ ನಮಗೆ ಈ ವಿಷಯ ಇನ್ನೊಂದು ಬಗೆಯಲ್ಲಿ ತಟ್ಟುತ್ತದೆ. ಈ ಎರಡು ಗ್ರಂಥಗಳ ಮುದ್ರಣದ ಕತೆಯಲ್ಲಿ ಹೊರನಾಡಿಗೂ ದೊಡ್ಡ ಪಾಲಿದೆ. ಮಾನಸೋಲ್ಲಾಸದ ಮೊದಲ ಭಾಗ ಮೈಸೂರಿನಲ್ಲಿಯೂ 1926ರಲ್ಲಿ ಅಚ್ಚಾಯಿತಾದರೂ, ಮೂರು ಸಂಪುಟಗಳಾಗಿ 1925ರಿಂದ 1961ರವರೆಗೆ ಹೊರತಂದುದು ಬರೋಡದ ಗಾಯಕವಾಡ ಗ್ರಂಥಮಾಲೆ. ಲೋಕೋಪಕಾರಂ 1950ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಅಂದು ಪರಸ್ಥಳದಲ್ಲಿ ಪುಸ್ತಕಗಳು ಉಳಿದಂತೆ ಇಂದು ಗಿಡದ ಹೆಸರುಗಳೂ ಉಳಿಯಬಲ್ಲವು. ಕೇಂದ್ರ ಸರ್ಕಾರದ ನೌಕರಿಯಲ್ಲಿ ಊರಿಂದೂರಿಗೆ ವರ್ಗವಾಗುವ ನಮ್ಮಂಥವರ ಪೆಟ್ಟಿಗೆಯಲ್ಲಿ ಗಂಧದ ಕೊರಡು ಬರುತ್ತದೆ, ಸಂಪಿಗೆಯ ಮರ ಬರುವುದಿಲ್ಲ. ಆದರೆ ಪುಣೆಯವರ ಸೋನಚಾಫಾ, ಹೈದರಾಬಾದಿನವರ ಸಂಪೆಂಗ ನಮ್ಮ ಸಂಪಿಗೆಯೇ. ಚೆನ್ನೈಯ ಮರುದಾಣಿ ನಮ್ಮ ಮದರಂಗಿಯೇ, ತಾಳಂಪೂ ನಮ್ಮ ಕೇದಗೆಯೇ. ನೆರೆಮನೆಯಾಕೆಯ ಬಾಯಿಂದ ಒಂದು ಹೆಸರು ಕೇಳಿ, ನಮ್ಮ ಹೆಸರನ್ನು ಆಕೆಗೆ ಹೇಳಿದರೆ ಗಿಡವೊಂದು ಎರಡು ಭಾಷೆಗಳಲ್ಲಿ ಬೇರು ಬಿಡುತ್ತದೆ.

ಮಕ್ಕಳು ಬಾಲ್ಕನಿಯ ಕುಂಡದಲ್ಲಿ ಬೆಳೆದ ಮದರಂಗಿಯನ್ನು ಅರೆದು ಅಂಗೈಗೆ ಇಟ್ಟುಕೊಳ್ಳಲಿ. ಮಿಕ್ಕಿದ್ದರಲ್ಲಿ ಕಾಗದದ ಮೇಲೊಂದು ಬಳ್ಳಿ ಬರೆಯಲಿ. ಕೆಳಗೆ ಅದರ ಹೆಸರನ್ನು ಕನ್ನಡದಲ್ಲಿ ಬರೆದಿಡಲಿ. ಅಂಗೈಯ ಕೆಂಪು ಕೆಲವು ದಿನಗಳಲ್ಲಿ ಮಾಸುತ್ತದೆ. ಬರೆದ ಹೆಸರು ಉಳಿಯುತ್ತದೆ.