ಲೈಸೆನ್ಸ್ ಒಬ್ಬರದು, ಕೈ ಇನ್ನೊಬ್ಬರದು

ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿ ಸೇರಿದ್ದು 1902ರಲ್ಲಿ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಈ ಎರಡು ಇಸವಿ ಕ್ವಿಜ್‌ನಲ್ಲಿ ಬರುತ್ತವೆ, ಬಾಯಿಪಾಠ ಆಗಿರುತ್ತವೆ. ಆದರೆ ಬೀದಿಗೆ ಬಂದ ಕರೆಂಟನ್ನು ಮನೆಯೊಳಗೆ ತರೋನು ಯಾರಾಗಿರಬೇಕು ಅಂತ ತೀರ್ಮಾನವಾದ ಕತೆಯನ್ನು ಯಾರೂ ಕೇಳಲ್ಲ.

ಈ ಪ್ರಶ್ನೆ ನಮಗಿಂತ ಮೊದಲು ಲಂಡನ್ನಿನಲ್ಲಿ ಎದ್ದಿತ್ತು. ಅಲ್ಲಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘ 1882ರಲ್ಲೇ ವೈರಿಂಗ್ ನಿಯಮಗಳನ್ನು ಪ್ರಕಟಿಸಿತು. ವಿದ್ಯುದ್ದೀಪದಿಂದ ಬೆಂಕಿ ಬೀಳದಂತೆ ತಡೆಯೋದಕ್ಕೇ ಈ ನಿಯಮಗಳು ಅಂತ ಅದರ ಶೀರ್ಷಿಕೆಯೇ ಹೇಳುತ್ತಿತ್ತು. ನಮ್ಮ ದೇಶದಲ್ಲಿ 1903ರಲ್ಲಿ ಒಂದು ವಿದ್ಯುತ್ ಕಾಯಿದೆ ಬಂತು, 1910ರಲ್ಲಿ ಅದರ ಜಾಗಕ್ಕೆ ಇನ್ನೊಂದು. ಸ್ವಾತಂತ್ರ್ಯ ಬಂದಮೇಲೆ, ಆ 1910ರ ಕಾಯಿದೆಯಡಿಯಲ್ಲೇ 1956ರ ಭಾರತೀಯ ವಿದ್ಯುತ್ ನಿಯಮಗಳು ಬಂದವು.

ನಮಗೆ ಬೇಕಾಗಿರೋದು ಅದರಲ್ಲಿನ 45ನೇ ನಿಯಮ. ಅದು ಮೂರು ಜನರನ್ನು ಕೇಳುತ್ತದೆ. ಕೆಲಸ ಹಿಡಿಯೋನಿಗೆ ರಾಜ್ಯ ಸರ್ಕಾರದ ಕಂಟ್ರಾಕ್ಟರ್ ಲೈಸೆನ್ಸ್ ಇರಬೇಕು. ಕೆಲಸದ ನೇರ ಉಸ್ತುವಾರಿ ನೋಡೋನಿಗೆ ಅರ್ಹತಾ ಪತ್ರ ಇರಬೇಕು. ವೈರ್ ಎಳೆಯೋನ ಕೈಯಲ್ಲೂ ಪರ್ಮಿಟ್ ಇರಬೇಕು. ಐಟಿಯವರ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ಬರೆದೋನು, ರಿವ್ಯೂ ಮಾಡಿದೋನು, ರಿಲೀಸಿಗೆ ಹೊಣೆ ಹೊತ್ತೋನು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು, 2023ರಲ್ಲಿ ಮತ್ತೆ ಹೊಸದಾದವು.

ಈ 45ನೇ ನಿಯಮದಲ್ಲಿ ಒಂದು ವಿನಾಯಿತಿಯೂ ಇತ್ತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸೋಕೆ ಲೈಸೆನ್ಸ್ ಬೇಡ, ಆದರೆ ಅದರಿಂದ ಮನೆಯ ವಿದ್ಯುತ್ ವ್ಯವಸ್ಥೆಯ ಸಾಮರ್ಥ್ಯ ಬದಲಾಗಬಾರದು. ಸಾಮರ್ಥ್ಯದ ಮಾತು ಯಾಕೆ ಅಂತ ಲೆಕ್ಕ ಹಾಕಿ ನೋಡಿ. 40 ವ್ಯಾಟ್ ಬಲ್ಬಿನ ಜಾಗದಲ್ಲಿ 2000 ವ್ಯಾಟ್ ಗೀಸರ್ ಹಾಕಿದರೆ ಕರೆಂಟು 50 ಪಟ್ಟು. ವೈರಿನಲ್ಲಿ ಹುಟ್ಟೋ ಶಾಖ ಕರೆಂಟಿನ ವರ್ಗದಷ್ಟು ಏರುತ್ತದೆ, ಅಂದ್ರೆ ಅದೇ ವೈರಿನಲ್ಲಿ 2500 ಪಟ್ಟು. ಹೊರಗೆ ನೋಡಿದರೆ ಸ್ವಿಚ್‌ಬೋರ್ಡು ಮಾತ್ರ ಫಳಫಳ.

ನಾನು ಬೆಳೆದ ಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡೋನೇ ಮನೆ ವೈರಿಂಗೂ ಮಾಡ್ತಿದ್ದ. ಲೈಸೆನ್ಸ್ ಕೇಳಿದೋರಿಲ್ಲ, ಯಾಕಂದ್ರೆ ಅವನ ಮನೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಅದೂ ಒಂಥರಾ ಹೊಣೆಗಾರಿಕೆಯೇ. ಬೆಂಗಳೂರಿನಲ್ಲಿ ಪ್ಲಾಸ್ಟರ್ ಆದಮೇಲೆ ವೈರೂ ಕಾಣಲ್ಲ, ವೈರ್ ಎಳೆದೋನೂ ಕಾಣಲ್ಲ. ಅವನ ಬದಲು ನಮ್ಮ ಹತ್ತಿರ ಉಳಿಯೋದು ಒಂದು ಲೈಸೆನ್ಸ್ ನಂಬರು. ಅಲ್ಲೇ ಈಗ ಯಡವಟ್ಟು ಆಗ್ತಿರೋದು. ಲೈಸೆನ್ಸ್ ಇರೋರು ಸಂಪರ್ಕದ ಅರ್ಜಿಗೆ ಸಹಿ ಹಾಕ್ತಾರೆ, ಸೈಟಿಗೆ ಕಾಲಿಡೋದೇ ಇಲ್ಲ. ಮೂರು ಜನರನ್ನು ಕೇಳಿದ ನಿಯಮ ಒಂದು ಸಹಿಗೆ ಇಳಿದುಬಿಡುತ್ತದೆ.

ಹಾಗಾಗಿ ಕಂಟ್ರಾಕ್ಟರಿಗೆ ಅಡ್ವಾನ್ಸ್ ಕೊಡೋ ಮುಂಚೆ ಮೂರೂ ಜನರನ್ನು ಕೇಳಿ. ಲೈಸೆನ್ಸ್ ಪ್ರತಿಯಲ್ಲಿ ಯಾವ ದರ್ಜೆ, ಎಲ್ಲಿಯವರೆಗೆ ಚಾಲ್ತಿ ಅಂತ ನೋಡಿ. ಅನುಮಾನ ಬಂದ್ರೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ವಿಚಾರಿಸಿ. ಸೂಪರ್‌ವೈಸರ್ ಪರ್ಮಿಟ್ ಯಾರದು, ಅವರು ಯಾವತ್ತು ಬರ್ತಾರೆ ಅಂತ ಕೇಳಿ. ವೈರ್ ಎಳೆಯೋರ ಪರ್ಮಿಟ್ ನೋಡಿ. ಹಿಂದೆ ಮಾಡಿದ ಎರಡು ಮನೆಯ ಕಂಪ್ಲೀಷನ್ ರಿಪೋರ್ಟ್ ತೋರಿಸಿ ಅನ್ನಿ, ಆ ಮನೆಯವರ ಜೊತೆ ಮಾತಾಡಿ. ಕೆಲಸ ಮುಗಿದಮೇಲೆ ಮೆಗ್ಗರ್ ಹಾಕಿ ಇನ್ಸುಲೇಷನ್ ಅಳೆದದ್ದು, ಅರ್ತಿಂಗ್ ಅಳೆದದ್ದು ಅಂಕಿ ಸಮೇತ ಕಾಗದದಲ್ಲಿ ಇರಲಿ.

"ಇಷ್ಟೆಲ್ಲಾ ಯಾರೂ ಕೇಳಲ್ಲ ಸಾರ್" ಅನ್ನಬಹುದು. ನಿಯಮ ಕೇಳಿದೆಯಲ್ಲ, 1956ರಿಂದ. ನಿಜವಾಗಿ ಕೆಲಸ ಬಲ್ಲ ವೈರ್‌ಮನ್‌ಗೆ ಈ ಪ್ರಶ್ನೆ ಅವಮಾನ ಅಲ್ಲ. ಪರೀಕ್ಷೆ ಬರೆದು ಪಡೆದ ಪರ್ಮಿಟ್ಟನ್ನು ಯಾರಾದ್ರೂ ಕೇಳಿ ನೋಡಿದ್ರೆ ಅವನಿಗೂ ಬೆಲೆ.