ಕಸದ ಬುಟ್ಟಿಯನ್ನು ಖಾಲಿ ಮಾಡುವವರು ಯಾರು?

ಜಪಾನಿಗೆ ಹೋಗಿ ಬಂದವರೆಲ್ಲ ಈಚೆಗೆ ಒಂದೇ ರಾಗ ಹಾಡುತ್ತಾರೆ: ಅಲ್ಲಿನ ಬೀದಿಗಳಲ್ಲಿ ಕಸದ ಬುಟ್ಟಿಯೇ ಇಲ್ಲವಂತೆ, ಆದರೂ ಎಷ್ಟು ಚೊಕ್ಕಟ! ಪಾಲಿಕೆಯ ಸಭೆಗೆ ಬರುವ ಹೊತ್ತಿಗೆ ಈ ಬೆರಗೇ ಸಿದ್ಧಾಂತವಾಗಿರುತ್ತದೆ. ಬುಟ್ಟಿ ಇಟ್ಟರೆ ಕಸ ಬರುತ್ತದೆ, ಬುಟ್ಟಿ ತೆಗೆದರೆ ಕಸ ಹೋಗುತ್ತದೆ. ಆದರೆ ಟೋಕಿಯೋದಲ್ಲಿ ಬುಟ್ಟಿಗಳನ್ನು ತೆಗೆಯತೊಡಗಿದ್ದು ಜನರ ಶಿಸ್ತಿಗೆ ಮೆಚ್ಚಿ ಅಲ್ಲ. 1995ರ ಮಾರ್ಚ್ 20ರಂದು ಸುರಂಗ ರೈಲಿನೊಳಗೆ ಸರಿನ್ ವಿಷಾನಿಲ ಬಿಟ್ಟು ಜನರನ್ನು ಕೊಂದ ಮೇಲೆ, ಹೆದರಿ ತೆಗೆದದ್ದು. ಅದೂ ಎಲ್ಲ ಕಡೆಯಿಂದಲ್ಲ. ಪಾನೀಯ ಮಾರುವ ಯಂತ್ರಗಳ ಪಕ್ಕದಲ್ಲಿ ಬಾಟಲಿಗೆಂದೇ ದುಂಡು ಬಾಯಿಯ ಡಬ್ಬಿಗಳು ಈಗಲೂ ಇವೆ, ಅಂಗಡಿಗಳಲ್ಲಿ ಬುಟ್ಟಿಗಳಿವೆ, ನಡೆಯುತ್ತ ತಿನ್ನುವ ಅಭ್ಯಾಸ ಅಲ್ಲಿನವರಿಗೆ ಕಡಿಮೆ. ಬೀದಿಯಲ್ಲೇ ಚುರುಮುರಿ ಮೆದ್ದು, ಎಳನೀರು ಕುಡಿದು, ನಿಂತ ನಿಲುವಿನಲ್ಲೇ ಚಹಾ ಹೀರುವ ನಮ್ಮ ಊರುಗಳಿಗೆ ಆ ಲೆಕ್ಕ ಹೊಂದುವುದಿಲ್ಲ.

ಬೆಂಚು, ಬುಟ್ಟಿ, ಬಸ್ ತಂಗುದಾಣಗಳ ವಿನ್ಯಾಸದಲ್ಲೇ ಕೂದಲು ನರೆಸಿಕೊಂಡ ನನ್ನಂಥವರಿಗೆ ಈ ಮಾತು ಕೇಳಿದಾಗ ಸಿಟ್ಟಿಗಿಂತ ಸುಸ್ತು ಹೆಚ್ಚು. ಬೀದಿಯ ಬುಟ್ಟಿಗೂ ಒಂದು ಚರಿತ್ರೆ ಇದೆ, ಅದರಲ್ಲಿ ಕಲಿತದ್ದೂ ಇದೆ, ಕಲಿತು ಮರೆತದ್ದೂ ಇದೆ.

ಮೊದಲ ಘಟ್ಟವನ್ನು ಬೇಗ ಮುಗಿಸಬಹುದು. 1884ರಲ್ಲಿ ಪ್ಯಾರಿಸ್ಸಿನ ಆಡಳಿತಾಧಿಕಾರಿ ಯೂಜೀನ್ ಪುಬೆಲ್ ಮನೆ ಮಾಲೀಕರೆಲ್ಲ ಬಾಡಿಗೆದಾರರಿಗೆ ಮುಚ್ಚಳವಿರುವ ಡಬ್ಬಿ ಒದಗಿಸಬೇಕೆಂದು ಕಟ್ಟಪ್ಪಣೆ ಮಾಡಿದ. ಕೊಳೆಯುವುದಕ್ಕೆ ಒಂದು, ಕಾಗದ ಬಟ್ಟೆಗೆ ಒಂದು, ಗಾಜು ಪಿಂಗಾಣಿ ಚಿಪ್ಪುಗಳಿಗೆ ಇನ್ನೊಂದು ಎಂಬ ವಿಂಗಡಣೆಯೂ ಆಗಲೇ ಇತ್ತು. ಅದನ್ನು ಹೆಚ್ಚು ಕಾಲ ಯಾರೂ ಪಾಲಿಸಲಿಲ್ಲ. ರೊಚ್ಚಿಗೆದ್ದವರು ಅಲ್ಲಿನ ಚಿಂದಿ ಆಯುವವರು. ಬೀದಿಯಲ್ಲಿ ಬಿದ್ದಿರುತ್ತಿದ್ದ ಅವರ ಅನ್ನ ಡಬ್ಬಿಯೊಳಗೆ ಹೋಗಿತ್ತು. ನಮ್ಮಲ್ಲಿ 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿದ್ದವು. ಕಸ, ಮಲ, ಅದನ್ನು ಹೊರುವವರು, ಮೂವರೂ ಮುಂಬಾಗಿಲಿಗೆ ಕಾಣಬಾರದು ಎಂಬುದು ಆ ನಕ್ಷೆಯ ತಿರುಳು. ಖಾಲಿ ಮಾಡುವವರನ್ನು ಮರೆಮಾಡುವ ಆ ಚಾಳಿ ಇವತ್ತಿನ ಸ್ಟೀಲ್ ಬುಟ್ಟಿಯವರೆಗೂ ಮುಂದುವರಿದಿದೆ.

ಆಮೇಲೆ ಬಂದದ್ದು ಸಿಮೆಂಟ್ ರಿಂಗು. ಬಾವಿಗೆ ಇಳಿಸುವ ಅದೇ ರಿಂಗನ್ನು ಬೀದಿಯ ಮೂಲೆಯಲ್ಲಿ ನಿಲ್ಲಿಸಿದರೆ ಕಸದ ತೊಟ್ಟಿ ಆಯಿತು. ಕದಿಯಲಾಗದು, ಸುಡಲಾಗದು, ತುಕ್ಕು ಹಿಡಿಯದು. ಎಂಜಿನಿಯರುಗಳಿಗೆ ಇದಕ್ಕಿಂತ ಇಷ್ಟವಾದ ವಸ್ತು ಇರಲಿಲ್ಲ. ಆದರೆ ಅದಕ್ಕೆ ತಳವಿಲ್ಲ, ಬಾಗಿಲಿಲ್ಲ, ಎತ್ತಿ ಬಗ್ಗಿಸುವಂತಿಲ್ಲ. ಪೌರಕಾರ್ಮಿಕರು ಒಳಗಿಳಿದು, ಮೊಣಕಾಲುದ್ದ ಕೊಳೆತ ರಾಶಿಯಲ್ಲಿ ನಿಂತು, ಕುಕ್ಕೆಗೆ ಬಾಚಿ, ತಲೆಯೆತ್ತರಕ್ಕೆ ಏರಿಸಿ ಲಾರಿಗೆ ಸುರಿಯಬೇಕಿತ್ತು. ದನ ಒಂದು ಕಡೆಯಿಂದ ಮೂತಿ ತೂರಿಸಿದರೆ ನಾಯಿ ಇನ್ನೊಂದು ಕಡೆಯಿಂದ. ಅರ್ಧ ಶತಮಾನ ಬಳಸಿದ ವಸ್ತುವನ್ನು ಖಾಲಿ ಮಾಡುವ ವಿಧಾನದ ಬಗ್ಗೆ ಒಬ್ಬರೂ ಯೋಚಿಸಿರಲಿಲ್ಲ ಎಂಬುದು ನಮ್ಮ ವೃತ್ತಿಗೆ ಭೂಷಣವಲ್ಲ. 1958ರಲ್ಲಿ ಭಾರತಕ್ಕೆ ಬಂದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ತಮ್ಮ ವರದಿಯಲ್ಲಿ ಲೋಟಾವನ್ನು, ಅಂದರೆ ನಮ್ಮ ಚೊಂಬನ್ನು, ಕೊಂಡಾಡಿದ್ದು ವಿನ್ಯಾಸ ಓದಿದವರಿಗೆಲ್ಲ ಗೊತ್ತು. ಯಾರ ಕೈ ಅದನ್ನು ಹಿಡಿಯುತ್ತದೆ, ಸೊಂಟದ ಮೇಲೋ ತಲೆಯ ಮೇಲೋ, ತುಂಬಿದಾಗ ತೂಕ ಹೇಗೆ, ಬಗ್ಗಿಸಿದಾಗ ಹೇಗೆ ಎಂದು ಅವರು ಸಾಲು ಸಾಲು ಪ್ರಶ್ನೆ ಎತ್ತಿದ್ದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) 1961ರಲ್ಲಿ ಹುಟ್ಟಿದ್ದರ ಹಿಂದೆ ಆ ವರದಿಯೇ ಇದೆ. ಲೋಟಾಕ್ಕೆ ಸಿಕ್ಕ ಪ್ರಶ್ನೆಗಳಲ್ಲಿ ಅರ್ಧವಾದರೂ ತೊಟ್ಟಿಗೆ ಸಿಗಲಿಲ್ಲ.

ಉದ್ಯಾನಗಳ ಕಥೆ ಬೇರೆ. ಅಲ್ಲಿ ನಾರು ಬೆರೆತ ಪ್ಲಾಸ್ಟಿಕ್ಕಿನ (ಎಫ್‌ಆರ್‌ಪಿ) ಪೆಂಗ್ವಿನ್ನುಗಳು, ಮೊಲಗಳು, ಜೋಕರುಗಳು ಬಾಯಿ ತೆರೆದು, ಹೊಟ್ಟೆಯ ಮೇಲೆ ‘ಯೂಸ್ ಮಿ’ ಎಂದು ಬರೆಸಿಕೊಂಡು ನಿಂತವು. ಈ ಪೆಂಗ್ವಿನ್ನನ್ನು ಹಳಿಯುವುದು ವಿನ್ಯಾಸಕರಿಗೆ ಒಂದು ಫ್ಯಾಷನ್. ನಾನು ಹಳಿಯುವುದಿಲ್ಲ. ಮಗು ತಾನಾಗಿ ಹೋಗಿ ಕಾಗದ ಹಾಕುವ ಬುಟ್ಟಿ ಭಾರತದಲ್ಲಿ ಅದೊಂದೇ. ಅದರ ತಪ್ಪು ಚೆಲುವಿನದಲ್ಲ. ಬಾಯಿ ಮುಂದಿದೆ, ಖಾಲಿ ಮಾಡುವ ಬಾಗಿಲು ಬೆನ್ನಲ್ಲಿದೆ, ಬೆನ್ನನ್ನು ಗೋಡೆಗೋ ಪೊದೆಗೋ ಆನಿಸಿ ನಿಲ್ಲಿಸಿರುತ್ತಾರೆ. ಹೀಗಾಗಿ ಮಾಲಿ ಬಾಯೊಳಗೇ ಕೈಹಾಕಿ ಎಳೆಯಬೇಕು.

ನಮ್ಮ ತಲೆಮಾರು ಕಣ್ಣು ಬಿಟ್ಟದ್ದು ತೊಂಬತ್ತರ ದಶಕದ ಕೊನೆಗೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಿಂದಾಗಿ ದೇಶದ ಕಸ ರಾಷ್ಟ್ರಮಟ್ಟದ ಕಾನೂನಿನ ವಿಷಯವಾಯಿತು, 2000ದಲ್ಲಿ ಘನತ್ಯಾಜ್ಯ ನಿಯಮಗಳು ಬಂದವು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ‘ಸ್ವಚ್ಛ ಬೆಂಗಳೂರು’ ಯೋಜನೆ, ಮನೆಮನೆಗೆ ತಳ್ಳುಗಾಡಿ, ತೊಟ್ಟಿರಹಿತ ನಗರದ ಘೋಷಣೆ. ಸಿಮೆಂಟ್ ತೊಟ್ಟಿಗಳು ಒಂದೊಂದಾಗಿ ಎದ್ದವು. ಆ ತೀರ್ಮಾನ ಸರಿಯಾಗಿಯೇ ಇತ್ತು. ಮನೆಯ ಕಸ ಬೀದಿಯ ತೊಟ್ಟಿಗೆ ಬರಕೂಡದು. ಎಡವಟ್ಟಾದದ್ದು ಮುಂದಿನ ಹೆಜ್ಜೆಯಲ್ಲಿ. ಮನೆಯ ಕಸದ ತೊಟ್ಟಿ ಬೇರೆ, ದಾರಿಹೋಕರ ಬುಟ್ಟಿ ಬೇರೆ ಎಂಬುದನ್ನೇ ಅಧಿಕಾರಿಗಳು ಮರೆತರು. ಕೇಂದ್ರ ಸರ್ಕಾರವೇ 2000ದಲ್ಲಿ ಹೊರತಂದ ಕೈಪಿಡಿಯಲ್ಲಿ, ಮುಖ್ಯ ಬೀದಿ ಮಾರುಕಟ್ಟೆಗಳಲ್ಲಿ ಜಾಗ ನೋಡಿಕೊಂಡು 25ರಿಂದ 250 ಮೀಟರ್ ಅಂತರದಲ್ಲಿ ಸಣ್ಣ ಬುಟ್ಟಿಗಳನ್ನು ಇಡಬೇಕೆಂಬ ಸಲಹೆ ಇತ್ತು. ತೊಟ್ಟಿ ತೆಗೆಯುವ ಸಲಹೆಯನ್ನು ಪಾಲಿಸಿದವರು ಪುಟ ತಿರುವಿ ಬುಟ್ಟಿ ಇಡುವ ಸಲಹೆಯನ್ನು ಓದಲಿಲ್ಲ. ತೊಟ್ಟಿ ಇದ್ದ ಜಾಗಗಳೇ ಬ್ಲ್ಯಾಕ್ ಸ್ಪಾಟುಗಳಾದವು. ಈಗ ಅಲ್ಲೇ ಪೌರಕಾರ್ಮಿಕರು ಬೆಳಿಗ್ಗೆ ಗುಡಿಸಿ ರಂಗೋಲಿ ಹಾಕುತ್ತಾರೆ, ರಾತ್ರಿ ಯಾರೋ ಸ್ಕೂಟರಿನಿಂದ ಅದರ ಮೇಲೇ ಕವರು ಎಸೆಯುತ್ತಾರೆ.

ಬುಟ್ಟಿಯ ವಿನ್ಯಾಸದಲ್ಲಿ ನಿಜವಾದ ಕಗ್ಗಂಟು ಈ ಕವರೇ. ಒಣ ಕಸ, ಹಸಿ ಕಸ ಬೇರ್ಪಡಿಸಲು ಸೋಮಾರಿತನ, ಆಟೋ ಟಿಪ್ಪರ್ ಬರುವ ಹೊತ್ತಿಗೆ ಮನೆಗೆ ಬೀಗ. ಹಾಗಾಗಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸಿಕ್ಕ ಬುಟ್ಟಿಗೆ ಮನೆಯ ಕಸವನ್ನೆಲ್ಲ ತುರುಕುವುದು. ಒಂದೇ ಕವರಿಗೆ ಬುಟ್ಟಿ ಅರ್ಧ ತುಂಬಿತು. ಇದಕ್ಕೆ ಉತ್ತರವೆಂದು ಬಾಯಿ ಕಿರಿದು ಮಾಡಿದೆವು. ಕಾಗದದ ಲೋಟ ಹೋಗಬೇಕು, ಕವರು ಹೋಗಬಾರದು. ಸಣ್ಣ ಬಾಯಿಗೆ ಎಳನೀರಿನ ಬುರುಡೆ ಅಡ್ಡಬಂತು. ಬುರುಡೆ ಒಳಗೆ ಹೋಗುವುದಿಲ್ಲ, ಜನ ಅದನ್ನು ಬುಟ್ಟಿಯ ನೆತ್ತಿಯ ಮೇಲೆ ಕೂರಿಸಿ ಹೋಗುತ್ತಾರೆ. ಬಾಯಿ ಅಗಲ ಮಾಡಿದರೆ ಐವತ್ತು ಲೀಟರಿನ ಬುಟ್ಟಿ ಹತ್ತು ಹನ್ನೆರಡು ಬುರುಡೆಗೆ ಭರ್ತಿ. ಎಳನೀರು ಬುರುಡೆ ಬುಟ್ಟಿಯ ವಿಷಯವೇ ಅಲ್ಲ, ಅದು ಮಾರುವವನ ಗೋಣಿಚೀಲದ ವಿಷಯ ಎಂದು ನಮ್ಮಲ್ಲಿ ಕೆಲವರು ವಾದಿಸಿದೆವು. ಆ ವಾದ ಗೆದ್ದ ಬೀದಿಗಳಲ್ಲಿ ಬುಟ್ಟಿ ಉಳಿದಿದೆ. ಬಾಯಿಯ ಆಕಾರ ಕ್ಷುಲ್ಲಕ ಸಂಗತಿಯಲ್ಲ. ಅಮೆರಿಕದ ಶಾನ್ ಡಫಿ ಮತ್ತು ಮಿಶೆಲ್ ವರ್ಜಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಬ್ಬಿಗೆ ತಕ್ಕ ರಂಧ್ರದ ಮುಚ್ಚಳ ಹಾಕಿದ್ದರಿಂದಲೇ ಮರುಬಳಕೆಯ ಡಬ್ಬಿಗೆ ಬೀಳುವ ಪಾನೀಯ ಪಾತ್ರೆಗಳ ಪ್ರಮಾಣ ಶೇ. 34ರಷ್ಟು ಏರಿತ್ತು. ನಮ್ಮ ಟೆಂಡರುಗಳಲ್ಲಿ ಒಣ ಕಸಕ್ಕೂ ಹಸಿ ಕಸಕ್ಕೂ ಬಣ್ಣ ಮಾತ್ರ ಬೇರೆ, ಬಾಯಿ ಒಂದೇ.

ಇಲ್ಲಿ ನಾನು ‘ನಾವು’ ಎನ್ನುವವರು ಒಂದು ಸಂಸ್ಥೆಯವರಲ್ಲ. ಬುಟ್ಟಿಗೆ ಮೂವರು ಬಳಕೆದಾರರಿದ್ದಾರೆ ಎಂದು ನಂಬಿದವರು: ಹಾಕುವವರು, ಖಾಲಿ ಮಾಡುವವರು, ಆಯುವವರು. ಬೆಳಗಿನ ಜಾವ ಪೌರಕಾರ್ಮಿಕರ ಹಿಂದೆ ನಡೆದು, ಮೇಸ್ತ್ರಿಗಳ ಬೈಗುಳ ತಿಂದು ಕಲಿತವರು. ಈ ದೃಷ್ಟಿಗೆ ಬೆಂಗಳೂರಿನಲ್ಲಿ ಸಿಕ್ಕ ಚೆಂದದ ಉದಾಹರಣೆ, 2010ರಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಕೆಲಸ ಆರಂಭಿಸಿದ, ಹೆಸರು ಹೇಳಿಕೊಳ್ಳದ ‘ದಿ ಅಗ್ಲಿ ಇಂಡಿಯನ್’ ಗುಂಪಿನ ‘ತೇರೇ ಬಿನ್’. ಚಹಾ ಅಂಗಡಿ, ಬೀಡಾ ಅಂಗಡಿಗಳ ಮುಂದೆ ನೆಲಕ್ಕೆ ತಾಗದಂತೆ ಸೊಂಟದೆತ್ತರಕ್ಕೆ ನಿಂತ ಸಣ್ಣ ಬುಟ್ಟಿ ಅದು. ಸಣ್ಣದಾದ್ದರಿಂದ ಮನೆಯ ಕವರಿಗೆ ಜಾಗವಿಲ್ಲ. ನೆಲ ಬಿಟ್ಟಿದ್ದರಿಂದ ಅಡಿಯಲ್ಲಿ ಪೊರಕೆ ಆಡುತ್ತದೆ, ನಾಯಿಗೆ ಎಟುಕುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎದುರಿಗಿರುವ ಅಂಗಡಿಯವನ ಕಣ್ಣು ಅದರ ಮೇಲಿರುತ್ತದೆ. ಪತ್ರಿಕೆಗಳು ಅದನ್ನು ನಾಗರಿಕ ಪ್ರಜ್ಞೆಯ ಕಥೆಯಾಗಿ ಬರೆದವು. ನನ್ನ ಪ್ರಕಾರ ಅದು ಅಳತೆ ಮತ್ತು ಒಡೆತನದ ಕಥೆ.

2011ರ ಸುಮಾರಿಗೆ ಬೆಂಗಳೂರು ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡತೊಡಗಿದಾಗ, ಹಸಿರು ದಳದಂಥ ಸಂಘಟನೆಗಳು ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸತೊಡಗಿದಾಗ, ಮೂರನೆಯ ಬಳಕೆದಾರರಿಗೆ ಒಂದು ಮುಖ ಬಂತು. ಆದರೆ ಆ ಮುಖ ನೋಡಿ ರೂಪಿಸಿದ ಬೀದಿ ಬುಟ್ಟಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಜರ್ಮನಿಯ ಕಲೋನಿನ ಪಾಲ್ ಕೆಟ್ಜ್ ರೂಪಿಸಿದ ‘ಫಾಂಡ್‌ರಿಂಗ್’ ಎಂಬ ಸರಳ ಬಳೆಯನ್ನು ನೋಡಿ. ಬುಟ್ಟಿಯ ಸುತ್ತ ಹೊರಗಡೆ ಕಟ್ಟುವ ಪಟ್ಟಿ, ಅದರಲ್ಲಿ ಬಾಟಲಿ ನಿಲ್ಲಿಸುವ ತೂತುಗಳು. ಬಾಟಲಿ ಹಿಂದಿರುಗಿಸಿದರೆ ಹಣ ಸಿಗುವ ದೇಶವಾದ್ದರಿಂದ, ಬೇಡವಾದವರು ಅಲ್ಲಿ ಇಟ್ಟು ಹೋಗುತ್ತಾರೆ, ಬೇಕಾದವರು ಬುಟ್ಟಿಯೊಳಗೆ ಕೈಹಾಕದೆ ಒಯ್ಯುತ್ತಾರೆ. ನಮ್ಮ ಪಕ್ಕದ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟಿನ ಒತ್ತಾಯದಿಂದ 2022ರಲ್ಲಿ ಮದ್ಯದ ಬಾಟಲಿಗೆ ಹತ್ತು ರೂಪಾಯಿ ಠೇವಣಿ ಜಾರಿಗೆ ಬಂತು. ಠೇವಣಿ ಇದ್ದಲ್ಲಿ ಬಳೆಗೂ ಅರ್ಥವಿದೆ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾದ ಮೇಲೆ ಬುಟ್ಟಿಗಳ ಸಂಖ್ಯೆ ಏರಿತು, ಯೋಚನೆ ಏರಲಿಲ್ಲ. ನಗರಗಳ ಶ್ರೇಯಾಂಕದಲ್ಲಿ ವಾಣಿಜ್ಯ ಬೀದಿಗಳ ಅವಳಿ ಬುಟ್ಟಿಗೂ ಅಂಕ ಇತ್ತು. ಅಂಕಕ್ಕಾಗಿ ಇಟ್ಟ ಬುಟ್ಟಿ ಪರೀಕ್ಷಕರು ಬಂದು ಹೋಗುವವರೆಗೆ ಬದುಕಿದರೆ ಸಾಕು. ನಿಮ್ಮ ಊರಲ್ಲೂ ಅದನ್ನು ಕಂಡಿದ್ದೀರಿ: ನೆಲಕ್ಕೆ ಹೂತ ಎರಡು ಕಂಬ, ನಡುವೆ ತೂಗುವ ಹಸಿರು ನೀಲಿ ಜೋಡಿ. ಹತ್ತಿರ ನಿಂತು ನೋಡಿ. ಒಂದು ಕೀಲು, ಒಂದು ಚಿಲಕ. ಚಿಲಕ ಮೊದಲು ಕಳುವಾಗುತ್ತದೆ, ಬುಟ್ಟಿ ತಲೆಕೆಳಗಾಗಿ ತೂಗುತ್ತದೆ. ಚಿಲಕ ಉಳಿದಿದ್ದರೆ ಪೌರಕಾರ್ಮಿಕರು ಅದನ್ನು ಬಿಚ್ಚಿ ಬುಟ್ಟಿ ತಿರುಗಿಸುತ್ತಾರೆ, ಕಸವೆಲ್ಲ ಫುಟ್‌ಪಾತಿನ ಮೇಲೆ ಸುರಿಯುತ್ತದೆ, ಅದನ್ನು ಮತ್ತೆ ಗುಡಿಸಿ ಮರಕ್ಕೆ ತುಂಬಬೇಕು. ಒಳಗೆ ಬೇರೆ ಡಬ್ಬಿ ಇಲ್ಲ, ಚೀಲ ಸಿಕ್ಕಿಸುವ ಕೊಕ್ಕೆ ಇಲ್ಲ. ತಳದಲ್ಲಿ ತೂತಿಲ್ಲದಿದ್ದರೆ ಮಳೆನೀರು ನಿಂತು ಸೊಳ್ಳೆ, ತೂತಿದ್ದರೆ ಚಹಾ ಸೋರಿ ಕಲೆ. ಟೆಂಡರಿನಲ್ಲಿ ಎಸ್‌ಎಸ್ 304 ಎಂದಿರುತ್ತದೆ, ಎಲ್-1, ಅಂದರೆ ಅತಿ ಕಡಿಮೆ ಬಿಡ್ಡಿನ, ದರದಲ್ಲಿ ಬರುವುದು ಎಸ್‌ಎಸ್ 202, ಎರಡನೆಯ ಮಳೆಗಾಲಕ್ಕೆ ಬೆಸುಗೆಯ ಗೆರೆಗಳಲ್ಲಿ ತುಕ್ಕು. ನಾನು ಸಲಹೆಗಾರನಾಗಿದ್ದ ಒಂದು ಪಟ್ಟಣದಲ್ಲಿ, ಒಳಡಬ್ಬಿ ಬೇಕೇ ಬೇಕು ಎಂದು ಹಟ ಹಿಡಿದಿದ್ದೆ. ಅಂತಿಮ ನಕ್ಷೆಯಲ್ಲಿ ಒಳಡಬ್ಬಿ ಮಾಯವಾಗಿತ್ತು, ಆ ಜಾಗದಲ್ಲಿ ಪ್ರಾಯೋಜಕರ ಜಾಹೀರಾತು ಫಲಕ ಎರಡಡಿ ದೊಡ್ಡದಾಗಿತ್ತು.

ಇತ್ತೀಚಿನ ಹುಚ್ಚು ‘ಸ್ಮಾರ್ಟ್’ ಬುಟ್ಟಿಗಳದ್ದು. 2009ರಲ್ಲಿ ಫಿಲಡೆಲ್ಫಿಯಾ ನಗರ ಸುಮಾರು 700 ತಂತಿ ಬುಟ್ಟಿಗಳ ಬದಲಿಗೆ ಸೌರಶಕ್ತಿಯಿಂದ ಕಸ ಒತ್ತುವ 500 ಪೆಟ್ಟಿಗೆಗಳನ್ನಿಟ್ಟು, ವಾರಕ್ಕೆ ಹದಿನೇಳು ಸಲ ಖಾಲಿ ಮಾಡುತ್ತಿದ್ದುದನ್ನು ಐದು ಸಲಕ್ಕೆ ಇಳಿಸಿತು. ಒಣ ಕಾಗದದ ಊರಿಗೆ ಅದು ಸರಿ. ಸಾಂಬಾರು ಪೊಟ್ಟಣ, ಚಹಾ ಉಳಿದ ಲೋಟಗಳನ್ನು ಒತ್ತಿದರೆ ಏನು ಸೋರುತ್ತದೆಂದು ಊಹಿಸಲು ಎಂಜಿನಿಯರಿಂಗ್ ಬೇಡ. ಮಟ್ಟ ಹೇಳುವ ಸೆನ್ಸರ್ ಬುಟ್ಟಿಗಳೂ ಹಾಗೆಯೇ. ಪೌರಕಾರ್ಮಿಕರು ಹೇಗೂ ದಿನಾ ಬೆಳಿಗ್ಗೆ ಅದೇ ಬೀದಿ ಗುಡಿಸುತ್ತಾರೆ. ಬುಟ್ಟಿ ತುಂಬಿದೆ ಎಂದು ಕಂಟ್ರೋಲ್ ರೂಮಿನ ಪರದೆ ಹೇಳಿದರೆ ಅದನ್ನು ಒಯ್ಯಲು ಮಧ್ಯಾಹ್ನ ಬೇರೆ ಗಾಡಿ ಇದೆಯೇ? 2018ರ ಹೊತ್ತಿಗೆ ಬೆಂಗಳೂರಿಗೆ ಬಂದ ನೆಲದಡಿಯ ಬುಟ್ಟಿಗಳನ್ನು ಎತ್ತಲು ಕ್ರೇನ್ ಬೇಕು. ಕ್ರೇನಿನ ತೋಳಿಗೆ ಮೇಲೆ ವಿದ್ಯುತ್ ತಂತಿ, ಮರದ ಕೊಂಬೆ, ಎದುರಿಗೆ ನಿಲ್ಲಿಸಿದ ಕಾರು.

ಭದ್ರತೆಯ ಕಡೆಯಿಂದ ಬಂದ ಪಾಠಗಳನ್ನು ಮಾತ್ರ ಜಗತ್ತು ಬೇಗ ಕಲಿಯಿತು. 1993ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಎರಕದ ಬುಟ್ಟಿಗಳಲ್ಲಿಟ್ಟ ಬಾಂಬು ಸಿಡಿದು, ಬುಟ್ಟಿಯ ಚೂರುಗಳೇ ಗುಂಡಾದವು, ಇಬ್ಬರು ಹುಡುಗರು ಸತ್ತರು. ಪ್ಯಾರಿಸ್ 1995ರ ಸ್ಫೋಟಗಳ ನಂತರ ಪಾರದರ್ಶಕ ಚೀಲವನ್ನು ಬಳೆಗೆ ತೂಗುಹಾಕಿತು. 2008ರಲ್ಲಿ ದೆಹಲಿಯ ಕನಾಟ್ ಪ್ಲೇಸಿನಲ್ಲಿ ಬುಟ್ಟಿಯೊಳಗೆ ಬಾಂಬಿಟ್ಟ ಮೇಲೆ ನಮ್ಮಲ್ಲಿ ಆದದ್ದು ಬುಟ್ಟಿ ತೆಗೆದದ್ದು ಮಾತ್ರ. ಪ್ಯಾರಿಸ್ಸಿನ ಬಳೆ ನೋಡಲು ದರಿದ್ರ, ನಿಜ. ಆದರೆ ಖಾಲಿ ಮಾಡಲು ಅದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಚೀಲ ತೆಗೆ, ಗಂಟು ಹಾಕು, ಹೊಸದು ಸಿಕ್ಕಿಸು. ನಮ್ಮಲ್ಲಿ ಕಾಗೆ, ದನ, ನಂದಿಬೆಟ್ಟ ಚಾಮುಂಡಿಬೆಟ್ಟಗಳ ಕೋತಿಗಳು ಅದನ್ನು ಬಿಡಲಾರವು. ಬಳೆಯ ಸುತ್ತ ತಂತಿಯ ಪಂಜರ, ಮೇಲೊಂದು ತೂಕದ ಮುಚ್ಚಳ ಹಾಕಿದರೆ ಹೇಗೆ ಎಂದು ಪ್ರಯತ್ನಿಸಿ ನೋಡಲು ಯಾವ ಪಾಲಿಕೆಗೂ ಪುರುಸೊತ್ತಾಗಿಲ್ಲ.

ಕೈಹಾಕದ ಕ್ಷೇತ್ರಗಳು ಇನ್ನೂ ಇವೆ. ಬಸ್ ನಿಲ್ದಾಣದ ಹೊರಗೆ ಸ್ಯಾನಿಟರಿ ಪ್ಯಾಡ್ ಹಾಕಲು ಹೆಣ್ಣುಮಕ್ಕಳಿಗೆ ಒಂದು ಬುಟ್ಟಿ ಇಲ್ಲ, ಅವು ಒಣ ಕಸದ ನೀಲಿ ಡಬ್ಬಿಗೆ ಬಿದ್ದು ಆಯುವವರ ಕೈಗೆ ಸಿಗುತ್ತವೆ. ಒಂದು ಬುಟ್ಟಿ ಖಾಲಿ ಮಾಡಲು ಎಷ್ಟು ನಿಮಿಷ, ಎಷ್ಟು ಸಲ ಬಗ್ಗಬೇಕು ಎಂಬ ಸಾಲು ಈವರೆಗೆ ನಾನು ಓದಿದ ಯಾವ ಟೆಂಡರಿನಲ್ಲೂ ಇಲ್ಲ, ತಗಡಿನ ದಪ್ಪ ಮಾತ್ರ ಮಿಲಿಮೀಟರಿನ ದಶಮಾಂಶದವರೆಗೆ ಇರುತ್ತದೆ. ಇನ್ನು ಉಳಿದ ಚಹಾ. ನಮ್ಮ ಬೀದಿಯ ಬುಟ್ಟಿ ಕೊಳೆಯುವುದು, ನಾರುವುದು, ತುಕ್ಕು ಹಿಡಿಯುವುದು ಬಹುಪಾಲು ಲೋಟದ ತಳದ ಆ ಒಂದು ಗುಟುಕಿನಿಂದ. ಅದನ್ನು ಸುರಿಯಲು ಬುಟ್ಟಿಯ ಪಕ್ಕದಲ್ಲಿ ಒಂದು ಆಲಿಕೆ, ಅದರಡಿ ತೆಗೆದು ಚರಂಡಿಗೆ ಬಗ್ಗಿಸುವ ಐದು ಲೀಟರಿನ ಕ್ಯಾನು, ಖಾಲಿ ಲೋಟಗಳನ್ನು ಒಂದರೊಳಗೊಂದು ಪೇರಿಸುವ ಕೊಳವೆ. ಇಷ್ಟನ್ನು ಒಂದು ಚಹಾ ಅಂಗಡಿಯ ಮುಂದೆ ಮಾಡಿ ನೋಡಲು ಸ್ಥಳೀಯ ವೆಲ್ಡಿಂಗ್ ಶಾಪ್ ಸಾಕು.