ಓದು ಬಾರದ ಮನೆಗಳು ಕಟ್ಟಿದ ಸಾಲಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಮಾಸ್ತರರು ಹೇಳುತ್ತಾರೆ: ‘ಮನಿಯಾಗ ಓದ್ಸೋರು ಯಾರೂ ಇಲ್ರಿ, ನಾವೊಬ್ಬರೇ ಏನ್ ಮಾಡಬೇಕು?’ ತಂದೆ-ತಾಯಿ ಹೇಳುತ್ತಾರೆ: ‘ನಾವೇನ್ ಓದೀವ್ರಿ ಸರ್, ಹೆಬ್ಬೆಟ್ಟಿನ ಮಂದಿ. ನೀವೇ ನೋಡ್ಕೋರಿ.’

ಜಗಳದಂತೆ ಕಂಡರೂ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಓದು ಬಾರದ ಮನೆಯಿಂದ ಮಗುವಿನ ಓದಿಗೆ ಏನೂ ಸಿಗುವುದಿಲ್ಲ ಎಂದು ಇಬ್ಬರೂ ನಂಬಿದ್ದಾರೆ. ಬೀದರ್, ಭಾಲ್ಕಿ, ಔರಾದ್ ಕಡೆಯ ಚರಿತ್ರೆ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಇಲ್ಲಿನ ಸಾಲಿಗಳು ನಡೆದದ್ದೇ ಅಕ್ಷರ ಬಾರದ ಮನೆಗಳ ಆಸರೆಯಿಂದ.

ಮೊದಲು ಮನೆ, ಆಮೇಲೆ ಪಾಠ

ಬೀದರ್ ಹಳೆ ಊರಿನ ಮಹಮೂದ್ ಗವಾನ್ ಮದರಸಾವನ್ನು ನಾವೆಲ್ಲ ನೋಡಿದ್ದೇವೆ. ಬಹಮನಿ ಸುಲ್ತಾನರ ವಜೀರನಾಗಿದ್ದ ಗವಾನ್ ಅದನ್ನು 1472ರಲ್ಲಿ ಕಟ್ಟಿಸಿದ. ಪರ್ಷಿಯಾದಿಂದ ಬಂದ ಆತ ಸ್ವತಃ ದೊಡ್ಡ ವಿದ್ವಾಂಸ. ಮದರಸಾದ ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ ಚರಿತ್ರೆಕಾರರು. 1481ರಲ್ಲಿ ಕಳ್ಳ ಪತ್ರವೊಂದನ್ನು ನಂಬಿದ ಸುಲ್ತಾನ ಗವಾನನ ತಲೆ ತೆಗೆಸಿದ. ಮುಂದೆ ಮೊಗಲರ ಕಾಲದಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗವೇ ಉರುಳಿತು. ಇಂದು ಉಳಿದಿರುವುದು ಒಂದು ಮಿನಾರ.

ಜನ ಮಿನಾರದ ಹೆಂಚಿನ ಬಣ್ಣ ನೋಡಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಒಳಗಿನ ಕೋಣೆಗಳನ್ನೂ ನೋಡಬೇಕು. ಪಾಠದ ಹಜಾರ, ಗ್ರಂಥಾಲಯ, ಮಸೀದಿಗಳ ಜತೆಗೆ ವಿದ್ಯಾರ್ಥಿಗಳಿಗೆ ಮತ್ತು ಗುರುಗಳಿಗೆ ಇರಲು ಕೋಣೆಗಳಿವೆ. ಹುಡುಗ ಓದಬೇಕಾದರೆ ಅವನಿಗೆ ಮಲಗಲು ಜಾಗ, ಹೊತ್ತಿಗೆ ಊಟ, ಕೇಳಿದ್ದಕ್ಕೆ ಉತ್ತರ ಹೇಳುವ ಹಿರಿಯರು ಬೇಕು. ಅಂದರೆ ಒಂದು ಮನೆ ಬೇಕು. ಐದೂವರೆ ಶತಮಾನದ ಹಿಂದೆಯೇ ನಮ್ಮೂರಿನ ಸಾಲಿಗೆ ಈ ಲೆಕ್ಕ ಗೊತ್ತಿತ್ತು.

ಮನೆಮಾತು ಬಾಗಿಲ ಹೊರಗೆ

ನಿಜಾಮರ ಕಾಲಕ್ಕೆ ಬರೋಣ. 1948ರ ಸೆಪ್ಟೆಂಬರ್ 17ರ ತನಕ ನಮ್ಮ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಉರ್ದುವಿನಲ್ಲೇ ಪಾಠ. ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಸಾಧನೆಯೇ. ಆದರೆ ಭಾಲ್ಕಿ, ಔರಾದ್ ಹಳ್ಳಿಗಳ ಮನೆಗಳಲ್ಲಿ ಆಡುತ್ತಿದ್ದದ್ದು ಕನ್ನಡ, ಮರಾಠಿ, ತೆಲುಗು, ಲಂಬಾಣಿ.

ತಪ್ಪು ಉರ್ದುವಿನದಲ್ಲ. ಅದೂ ಬೀದರಿನ ಸಾವಿರಾರು ಮನೆಗಳ ಮಾತೇ. ಆದರೆ ಒಕ್ಕಲಿಗನ ಮಗು ತನ್ನ ಮನೆಮಾತನ್ನು ಸಾಲಿಯ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕಿತ್ತು. ಅವ್ವ ಹೇಳಿದ ಕತೆ, ಅಪ್ಪ ಹೇಳಿಕೊಟ್ಟ ಲೆಕ್ಕ ಯಾವುದೂ ಅಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. 1951ರ ಜನಗಣತಿಯ ಹೊತ್ತಿಗೂ ಸಂಸ್ಥಾನದಲ್ಲಿ ಹತ್ತು ಜನರಲ್ಲಿ ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ.

ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಈ ಗೋಡೆಯನ್ನು ಒಡೆದದ್ದು ಇಂಥ ಕಾಲದಲ್ಲಿ. ಅವರು ಹುಟ್ಟಿದ್ದು ಕಮಲನಗರದಲ್ಲಿ. ಈಗ ತಾಲ್ಲೂಕು ಕೇಂದ್ರವಾಗಿರುವ ಆ ಊರು ಮೊದಲು ಔರಾದ್ ತಾಲ್ಲೂಕಿನಲ್ಲಿತ್ತು. ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬ ಅವರ ಕತೆ ಜಿಲ್ಲೆಯ ಪ್ರತಿ ಮನೆಗೂ ಗೊತ್ತು.

ಆ ಕತೆಯ ಇನ್ನೊಂದು ಭಾಗವನ್ನು ನಾವು ಕಡಿಮೆ ಹೇಳುತ್ತೇವೆ. ಸಾಲಿ ತೆರೆದರೆ ಸಾಲದು, ದೂರದ ಹಳ್ಳಿಯಿಂದ ಬಂದ ಹುಡುಗರು ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಪಟ್ಟದ್ದೇವರು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಜನ ಕೊಟ್ಟ ದವಸದಿಂದ ಪ್ರಸಾದ ನಿಲಯ ನಡೆಯಿತು. ಜೋಳಿಗೆಗೆ ಜೋಳ ಹಾಕಿದವರಲ್ಲಿ ಹೆಚ್ಚಿನವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ತಮ್ಮ ಮಗನೇ ಅಲ್ಲಿ ಓದುತ್ತಿರಬೇಕು ಎಂದೇನೂ ಇರಲಿಲ್ಲ. ಆದರೂ ಹಾಕಿದರು. ಬಸವಕಲ್ಯಾಣದ ಶರಣರು 12ನೇ ಶತಮಾನದಲ್ಲಿ ಇದನ್ನೇ ದಾಸೋಹ ಎಂದು ಕರೆದಿದ್ದರು.

ಮಗನನ್ನು ಕಳಿಸಿದ ಮನೆಯೂ ಸಣ್ಣ ಬೆಲೆ ತೆರಲಿಲ್ಲ. ಹತ್ತು ವರ್ಷದ ಹುಡುಗ ಅಂದರೆ ದನ ಕಾಯುವ ಎರಡು ಕೈ. ಅವನು ಹೋದರೆ ಆ ಕೆಲಸ ಅಪ್ಪನ ತಲೆಗೆ. ರಜಾಕಾರರ ಹಾವಳಿಯ 1947–48ರಲ್ಲಿ ಎಷ್ಟೋ ಕುಟುಂಬಗಳು ಊರು ಬಿಟ್ಟವು, ಮಕ್ಕಳ ಓದು ನಡುವೆಯೇ ನಿಂತಿತು. ಊರಿಗೆ ಮರಳಿದ ಮೇಲೆ ಮಗನನ್ನು ಮತ್ತೆ ಸಾಲಿಗೆ ಹಚ್ಚಿದ ತಂದೆ-ತಾಯಿ ‘ನಮಗೇನೂ ಗೊತ್ತಿಲ್ಲ’ ಎಂದು ಸುಮ್ಮನೆ ಕೂತಿದ್ದರೆ ಈ ಜಿಲ್ಲೆಗೆ ಒಂದು ತಲೆಮಾರಿನ ಮಾಸ್ತರರು ಸಿಗುತ್ತಿರಲಿಲ್ಲ.

ಬೀದರ್ ನಗರದಲ್ಲಿ 1989ರಲ್ಲಿ ಅಬ್ದುಲ್ ಖದೀರ್ ಆರಂಭಿಸಿದ ಶಾಹೀನ್ ಸಂಸ್ಥೆಯೂ ಇದೇ ಲೆಕ್ಕದ ಮೇಲೆ ಬೆಳೆಯಿತು. ಮದರಸಾದಲ್ಲಿ ಕುರ್‌ಆನ್ ಬಾಯಿಪಾಠ ಮಾಡಿ, ಸಾಲಿಯ ಮೆಟ್ಟಿಲನ್ನೇ ಹತ್ತದ ಮಕ್ಕಳನ್ನು ವಸತಿ ಕೊಟ್ಟು ಗಣಿತ, ವಿಜ್ಞಾನಕ್ಕೆ ತಂದದ್ದು ಅದರ ಹೆಸರುವಾಸಿ ಕೆಲಸ. ಮಠವಾಗಲಿ, ಸಂಸ್ಥೆಯಾಗಲಿ, ಓದಿಸುವ ಮುಂಚೆ ಮನೆಯಾಗಬೇಕಾಯಿತು.

ಮನೆ ಮಾಡಿದ ತಪ್ಪೂ ಇದೆ

ಮನೆಯನ್ನು ಬರೀ ಹೊಗಳಿದರೆ ಚರಿತ್ರೆ ಅರ್ಧವಾಗುತ್ತದೆ. ಮಗನನ್ನು ಸಾಲಿಗೆ ಕಳಿಸಿದ ಎಷ್ಟೋ ಮನೆಗಳು ಮಗಳ ಕಂಕುಳಿಗೆ ಕೂಸು ಕೊಟ್ಟು ಹೊಲಕ್ಕೆ ನಡೆದವು. ಅಣ್ಣ ಮೆಟ್ರಿಕ್ ಆದ, ಅಕ್ಕ ಒಲೆ ಮುಂದೆ ಉಳಿದಳು. ಅಕ್ಕನ ಆ ಋಣ ಯಾವ ಮಾರ್ಕ್ಸ್ ಕಾರ್ಡಿನಲ್ಲೂ ಬರೆದಿಲ್ಲ.

ಅದರ ಪರಿಣಾಮ ಬಹಳ ದಿನ ಉಳಿಯಿತು. 2001ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧಕ್ಕರ್ಧ ಮಾತ್ರ. 2011ಕ್ಕೆ ಅದು ಶೇ 61.5ಕ್ಕೆ ಏರಿತು, ಗಂಡಸರದು ಶೇ 79. ಆ ಹತ್ತು ವರ್ಷದಲ್ಲಿ ಸಾಲಿ ಕಲಿತ ಹುಡುಗಿಯರೇ ಇಂದಿನ ಎಳೆಯ ತಾಯಂದಿರು. ಹೋಂವರ್ಕ್ ಪುಸ್ತಕ ತೆರೆದು ನೋಡಬಲ್ಲ ಅವ್ವಂದಿರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಈ ಜಿಲ್ಲೆಗೆ ಸಿಕ್ಕಿರುವುದು ಇದೇ ಮೊದಲು.

ಇದರಲ್ಲಿ ಸರ್ಕಾರದ ಪಾಲೂ ಇದೆ. 2002ರ ಜೂನ್‌ನಲ್ಲಿ ರಾಜ್ಯದ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಜೋಳಿಗೆ ಮಾಡುತ್ತಿದ್ದ ಕೆಲಸ ಸರ್ಕಾರಿ ಸಾಲಿಯ ಅಡುಗೆ ಕೋಣೆಗೆ ಬಂತು.

ಮನೆ ದೊಡ್ಡದೋ, ಸಾಲಿ ದೊಡ್ಡದೋ

ಈ ಪ್ರಶ್ನೆಯನ್ನು ಜಗತ್ತೂ ಕೇಳಿಕೊಂಡಿದೆ. ಅಮೆರಿಕದಲ್ಲಿ 1966ರಲ್ಲಿ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು ಲಕ್ಷಾಂತರ ಮಕ್ಕಳನ್ನು ಸಮೀಕ್ಷೆ ಮಾಡಿ, ಮಗುವಿನ ಕಲಿಕೆಯ ಮೇಲೆ ಸಾಲಿಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಹೆಚ್ಚು ಪ್ರಭಾವ ಬೀರುತ್ತದೆ ಎಂದರು. 1983ರಲ್ಲಿ ಹೈನ್‌ಮನ್ ಮತ್ತು ಲಾಕ್ಸ್‌ಲಿ ಎಂಬಿಬ್ಬರು 29 ದೇಶಗಳ ಅಂಕಿ-ಅಂಶ ಹೋಲಿಸಿದಾಗ ಬೇರೆ ಚಿತ್ರ ಕಂಡಿತು. ದೇಶ ಬಡವಾದಷ್ಟೂ ಮಾಸ್ತರರ ಮತ್ತು ಸಾಲಿಯ ಗುಣಮಟ್ಟವೇ ಮಗುವಿನ ಕಲಿಕೆಯನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ ಎಂದು ಅವರು ತೋರಿಸಿದರು.

ನಮಗೆ ಇದರಿಂದ ತಿಳಿಯುವುದು ಸರಳ. ‘ಮನೆಯಲ್ಲಿ ಓದಿಸುವವರಿಲ್ಲ’ ಎಂದು ಹೇಳಿ ಮಾಸ್ತರರು ಕೈ ತೊಳೆದುಕೊಳ್ಳುವಂತಿಲ್ಲ. ಬಡ ಮಗುವಿಗೆ ಒಳ್ಳೆಯ ಮಾಸ್ತರರಷ್ಟು ದೊಡ್ಡ ಆಸ್ತಿ ಬೇರೆ ಇಲ್ಲ. ಆದರೆ ಆ ಮಾಸ್ತರರ ಮುಂದೆ ಮಗು ದಿನಾ ಹೋಗಿ ಕೂರಬೇಕು. ಅದು ಮನೆಯ ಕೈಯಲ್ಲಿದೆ.

ದಿನಾ ಎಂಬ ಮಾತೇ ಇಲ್ಲಿ ಕಷ್ಟದ್ದು. ದೀಪಾವಳಿಯ ಆಸುಪಾಸಿನಲ್ಲಿ ಮುಕಾದಮರಿಂದ ಮುಂಗಡ ಪಡೆದು ಔರಾದ್, ಭಾಲ್ಕಿ ತಾಂಡಾಗಳ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ. ಮಗುವನ್ನು ಜತೆಗೆ ಒಯ್ದರೆ ಓದು ಹೋಯಿತು. ಅಜ್ಜಿಯ ಹತ್ತಿರವೋ, ಹಾಸ್ಟೆಲಿನಲ್ಲೋ ಬಿಟ್ಟು ಹೋದರೆ ವರ್ಷ ಉಳಿಯಿತು. ಆ ಒಂದು ತೀರ್ಮಾನಕ್ಕೆ ಅಕ್ಷರ ಬರಬೇಕಿಲ್ಲ, ಆದರೆ ಮಗುವನ್ನು ಬಿಡಲು ಜಾಗ ಇರಬೇಕು. ಜಾಗ ಮಾಡಿಕೊಡುವುದು ಊರಿನ ಮತ್ತು ಸರ್ಕಾರದ ಕೆಲಸ.

371ಜೆ ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೀಸಲು. ಬಾಗಿಲು ತೆರೆದಿದೆ. ಹತ್ತನೇ ಕ್ಲಾಸಿನಲ್ಲೇ ನಿಂತ ಮಗು ಆ ಬಾಗಿಲ ತನಕ ಹೋಗುವುದೇ ಇಲ್ಲ.

ಇವತ್ತು ಮನೆಯಿಂದ ಆಗುವುದು

ಓದು ಬಾರದ ಅಪ್ಪನೂ ಸಂಜೆ ಎರಡು ತಾಸು ಟಿವಿ ಬಂದ್ ಮಾಡಬಹುದು, ಮೊಬೈಲ್ ಎತ್ತಿಡಬಹುದು. ‘ಇವತ್ತು ಏನ್ ಹೇಳಿಕೊಟ್ರು?’ ಎಂದು ಮನೆಮಾತಿನಲ್ಲೇ ಕೇಳಬಹುದು. ಲಂಬಾಣಿಯಲ್ಲೋ, ಮರಾಠಿಯಲ್ಲೋ, ಉರ್ದುವಿನಲ್ಲೋ, ಕನ್ನಡದಲ್ಲೋ ಮಗು ಪಾಠವನ್ನು ತಿರುಗಿ ಹೇಳಿದರೆ ಅದು ಅರ್ಧ ಕಲಿತಂತೆಯೇ. ಕಾನ್ವೆಂಟಿಗೆ ಹಾಕಿದವರು ಇದನ್ನು ಮರೆಯಬಾರದು. ಮನೆಮಾತನ್ನು ಬಾಗಿಲ ಹೊರಗೆ ನಿಲ್ಲಿಸಿದ ಸಾಲಿಯಿಂದ ಏನಾಯಿತು ಎಂಬುದನ್ನು ನಮ್ಮ ಹಿರಿಯರು ಅನುಭವಿಸಿದ್ದಾರೆ.

ಇನ್ನೊಂದು ಹಕ್ಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಸಾಲಿಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ನಮ್ಮಲ್ಲಿ ಅದನ್ನು ಎಸ್‌ಡಿಎಂಸಿ ಎನ್ನುತ್ತೇವೆ. ಹೆಬ್ಬೆಟ್ಟು ಒತ್ತುವ ತಾಯಿಯೂ ಆ ಸಭೆಯಲ್ಲಿ ಕೂತು ‘ಗಣಿತದ ಮಾಸ್ತರ್ ಯಾಕ್ ಬಂದಿಲ್ರಿ?’ ಎಂದು ಕೇಳಬಹುದು. ಮುಂದಿನ ಸಭೆ ಯಾವತ್ತು ಎಂದು ನಿಮ್ಮೂರ ಹೆಡ್‌ಮಾಸ್ತರರನ್ನು ಈ ವಾರವೇ ಕೇಳಿ.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಮೊದಲು ಸಾಲಿ ಕಲಿತವರು ಯಾರು, ಅವರನ್ನು ಕಳಿಸಿದವರು ಯಾರು, ಅವರ ಬದಲು ದನ ಕಾಯ್ದವರು ಯಾರು? ಅಜ್ಜ-ಅಜ್ಜಿ ಇರುವಾಗಲೇ ಕೇಳಿ ಬರೆದಿಡಿ. ಜಿಲ್ಲೆಯ ಶಿಕ್ಷಣದ ಚರಿತ್ರೆ ಹೆಚ್ಚಾಗಿ ಇರುವುದು ಅವರ ನೆನಪಿನಲ್ಲೇ.